ಬಾಯಿ ತೆರೆದು ತೋರಿಸೋಣ, ಉತ್ತರವನ್ನೂ ಕೇಳಿ ಪಡೆಯೋಣ

ನಮ್ಮ ಪುತ್ತಿಗೆಯಲ್ಲಿ ಶುಗರ್, ಬಿಪಿ ವಿಷಯ ಮಾತಾಡದ ಮನೆಯಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನ ಕಾಕಂದಿರು ಒಟ್ಟಿಗೆ ಕೂತರೆ ಸಾಕು, ಯಾರ ಶುಗರ್ ಎಷ್ಟು, ಯಾವ ಮಾತ್ರೆ ಬದಲಾಯಿತು, ಯಾವ ಡಾಕ್ಟರು ಒಳ್ಳೆಯವರು ಎಂಬ ಲೆಕ್ಕ ಶುರುವಾಗುತ್ತದೆ. ಆದರೆ "ನಿಮ್ಮ ಬಾಯಿಯೊಳಗೆ ಕೊನೆಯ ಸಲ ಯಾರಾದರೂ ನೋಡಿದ್ದು ಯಾವಾಗ?" ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಹಲ್ಲುನೋವು ತಡೆಯಲಾಗದೆ ಹಲ್ಲು ಕೀಳಿಸಲು ಹೋದದ್ದು ಬಿಟ್ಟರೆ ಹೆಚ್ಚಿನವರು ಬಾಯಿಯನ್ನು ಯಾರಿಗೂ ತೋರಿಸಿಯೇ ಇಲ್ಲ. ನಮ್ಮ ಉಮ್ಮಂದಿರು, ಅಜ್ಜಿಯಂದಿರು ಅಂತೂ ಇಲ್ಲವೇ ಇಲ್ಲ.

ಬಾಯಿಯ ರೋಗಗಳನ್ನು ಬೇಗ ಪತ್ತೆಹಚ್ಚುವ ಬಗ್ಗೆ ಪ್ರಪಂಚದ ಅತಿ ದೊಡ್ಡ ಸಂಶೋಧನೆಗಳಲ್ಲಿ ಕೆಲವು ನಡೆದದ್ದು ನಮ್ಮದೇ ಕೇರಳದಲ್ಲಿ. ಅದರ ಫಲ ನಮ್ಮ ಮನೆಬಾಗಿಲಿಗೆ ಬಂದಿಲ್ಲ. ಅದಕ್ಕೆ ಸರಕಾರವನ್ನು ಮಾತ್ರ ದೂರಿದರೆ ಸಾಲದು, ಬಾಯಿ ತೆರೆದು ತೋರಿಸಬೇಕಾದವರು ನಾವು. ತೋರಿಸಿದ ಮೇಲೆ ಮುಂದಿನ ಹೆಜ್ಜೆ ಇಡಬೇಕಾದವರೂ ನಾವೇ.

ಈ ವಿಷಯ ನಮಗೆ ಯಾಕೆ ಬೇಕು ಎಂದು ಕೇಳುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸೀತಾಂಗೋಳಿಯಿಂದ ಅಂಗಡಿಮೊಗರು, ಬಾಡೂರು ಕಡೆಗೆ ಹೋದರೆ ರಸ್ತೆಯ ಎರಡೂ ಬದಿ ಅಡಿಕೆ ತೋಟ. ಹಳೆಯ ಮನೆಗಳಲ್ಲಿ ನೆಂಟರು ಬಂದರೆ ನೀರಿನ ಜೊತೆಗೆ ಎಲೆಯಡಿಕೆ ತಟ್ಟೆ ಬರುತ್ತಿತ್ತು, ಈಗಲೂ ಕೆಲವು ಮನೆಗಳಲ್ಲಿ ಬರುತ್ತದೆ. ಎಲೆ, ಅಡಿಕೆ, ಸುಣ್ಣ, ಅದರೊಟ್ಟಿಗೆ ಒಂದು ಚೂರು ಹೊಗೆಸೊಪ್ಪು. ಕೆಲಸದ ನಡುವೆ ಕೆನ್ನೆಯಲ್ಲಿಟ್ಟುಕೊಂಡರೆ ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಹುಡುಗರದ್ದು ಬೇರೆ ಕತೆ, ಅವರಿಗೆ ಪ್ಯಾಕೆಟ್. ಗುಟ್ಕಾ, ಪಾನ್ ಮಸಾಲಾವನ್ನು ಕೇರಳ 2012ರ ಮೇ ತಿಂಗಳಲ್ಲಿ ನಿಷೇಧಿಸಿತು, ಕರ್ನಾಟಕ 2013ರಲ್ಲಿ. ಆದರೂ ಗಡಿ ಜಿಲ್ಲೆಯ ಚೆಕ್‌ಪೋಸ್ಟ್‌ಗಳಲ್ಲಿ ಮೂಟೆಗಟ್ಟಲೆ ಸಿಕ್ಕಿಬೀಳುವ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. ಸಿಕ್ಕಿಬಿದ್ದದ್ದು ಅಷ್ಟಾದರೆ, ಸಿಕ್ಕಿಬೀಳದೆ ನಮ್ಮ ಮಕ್ಕಳ ಜೇಬಿಗೆ ಬಂದದ್ದು ಎಷ್ಟಿರಬಹುದು?

ಬಾಯಿಯ ಕ್ಯಾನ್ಸರ್ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಹೆಚ್ಚಾಗಿ ಅದಕ್ಕೆ ಮೊದಲು ವರ್ಷಗಟ್ಟಲೆ ಕೆಲವು ಗುರುತುಗಳು ಇರುತ್ತವೆ. ಒಂದು, ಕೆನ್ನೆಯ ಒಳಗೆ, ನಾಲಿಗೆಯ ಬದಿಯಲ್ಲಿ ಅಥವಾ ವಸಡಿನ ಮೇಲೆ ಉಜ್ಜಿದರೂ ಹೋಗದ ಬಿಳಿ ಮಚ್ಚೆ. ಡಾಕ್ಟರುಗಳು ಇದನ್ನು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಎರಡು, ಕೆಂಪು ಮಚ್ಚೆ. ಇದು ಬಿಳಿಯದಕ್ಕಿಂತ ಕಡಿಮೆ ಕಾಣಸಿಗುತ್ತದೆ, ಆದರೆ ಹೆಚ್ಚು ಅಪಾಯದ್ದು. ಮೂರು, ಬಾಯಿ ಬಿಗಿಯಾಗುವುದು. ಮೊದಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆಯ ಒಳಗೆ ಬಳ್ಳಿ ಕಟ್ಟಿದ ಹಾಗೆ ಗಟ್ಟಿ, ಕೊನೆಗೆ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ. ಇದರ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್, ಮುಖ್ಯ ಕಾರಣ ಅಡಿಕೆ. ವೈದ್ಯಕೀಯ ಪುಸ್ತಕಗಳಿಗೆ ಈ ರೋಗ ಸೇರಿದ ಬಗೆ ಕೇಳಿ: 1952ರಲ್ಲಿ ಇದನ್ನು ಮೊದಲು ವರದಿ ಮಾಡಿದ್ದು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ. ಮರುವರ್ಷ ಮುಂಬಯಿಯ ಡಾ. ಜೋಶಿ ಅದನ್ನು ಇಲ್ಲಿಯೂ ಕಂಡು ಬರೆದರು. ಅಂದರೆ ಇದು ಗಂಡಸರ ಚಟದ ರೋಗ ಮಾತ್ರ ಎಂದುಕೊಳ್ಳುವುದು ಆರಂಭದಿಂದಲೇ ತಪ್ಪು.

ಈ ಗುರುತುಗಳಿಗೆ ಸಾಮಾನ್ಯವಾಗಿ ನೋವಿಲ್ಲ. ನಮ್ಮಲ್ಲಿ ನೋವಿಲ್ಲದಿದ್ದರೆ ರೋಗವೇ ಇಲ್ಲ ಎಂಬ ಲೆಕ್ಕ. ನೋವು ಶುರುವಾಗುವ ಹೊತ್ತಿಗೆ ಹಲವರಲ್ಲಿ ಅದು ಮಚ್ಚೆಯ ಹಂತ ದಾಟಿರುತ್ತದೆ.

ಇನ್ನು ಸಂಶೋಧನೆಯ ವಿಷಯ. 1960ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧನಾ ತಂಡ ದೇಶದ ಐದು ಜಿಲ್ಲೆಗಳಲ್ಲಿ ಹಳ್ಳಿಹಳ್ಳಿ ಸುತ್ತಿ, ಮನೆಮನೆಗೆ ಹೋಗಿ 50,915 ಜನರ ಬಾಯಿ ನೋಡಿತು. ಆ ಐದರಲ್ಲಿ ಒಂದು ನಮ್ಮ ರಾಜ್ಯದ ಎರ್ನಾಕುಲಂ. ಒಮ್ಮೆ ನೋಡಿ ಹೋದದ್ದಲ್ಲ, ಎರ್ನಾಕುಲಂ ಸೇರಿ ಮೂರು ಜಿಲ್ಲೆಗಳಲ್ಲಿ ಹತ್ತು ವರ್ಷ ಅದೇ ಜನರನ್ನು ಮತ್ತೆ ಮತ್ತೆ ನೋಡಿದರು. ಬಾಯಿ ಕ್ಯಾನ್ಸರಿಗೆ ಮೊದಲು ಮೇಲೆ ಹೇಳಿದಂಥ ಗುರುತುಗಳು ಬಹುಪಾಲು ಇದ್ದೇ ಇರುತ್ತವೆ ಎಂದು ಗಟ್ಟಿಯಾದದ್ದು ಇಂಥ ಕೆಲಸದಿಂದ. ಎರ್ನಾಕುಲಂನಲ್ಲೇ ಬಾಯಿ ಬಿಗಿಯಾದ 66 ಜನರನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದಾಗ ಐವರಿಗೆ ಕ್ಯಾನ್ಸರ್ ಬಂತು, ಅಂದರೆ ನೂರಕ್ಕೆ ಏಳೂವರೆಯಷ್ಟು. ಮುಂದೆ ಸುಮಾರು 36,000 ತಂಬಾಕು ಬಳಸುವವರಿಗೆ ಮನೆಯಲ್ಲೇ ತಿಳುವಳಿಕೆ ಹೇಳುತ್ತಾ ಹೋದಾಗ ಹೊಸದಾಗಿ ಬಿಳಿ ಮಚ್ಚೆ ಬರುವುದು ಕಡಿಮೆಯಾಯಿತು. ಈ ವರದಿ 1986ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬಿಟ್ಟರೆ ಪ್ರಯೋಜನವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಎರಡನೆಯದು ತಿರುವನಂತಪುರದ್ದು. 1996ರಲ್ಲಿ ಅಲ್ಲಿನ ರೀಜನಲ್ ಕ್ಯಾನ್ಸರ್ ಸೆಂಟರ್, ಡಾ. ಆರ್. ಶಂಕರನಾರಾಯಣನ್ ಮತ್ತು ಡಾ. ಕೆ. ರಾಮದಾಸ್ ಮೊದಲಾದವರ ತಂಡದೊಂದಿಗೆ, 13 ಪಂಚಾಯತುಗಳಲ್ಲಿ ಒಂದು ಪರೀಕ್ಷೆ ಶುರುಮಾಡಿತು. 35 ವರ್ಷ ದಾಟಿದವರಲ್ಲಿ ಏಳು ಪಂಚಾಯತಿನವರ ಬಾಯಿಯನ್ನು ಮೂರು ವರ್ಷಕ್ಕೊಮ್ಮೆ ನೋಡುವುದು, ಉಳಿದ ಆರು ಪಂಚಾಯತುಗಳಲ್ಲಿ ಎಂದಿನಂತೆ ನಡೆಯಲು ಬಿಡುವುದು. ನೋಡಿದವರು ಡಾಕ್ಟರುಗಳಲ್ಲ. ತರಬೇತಿ ಪಡೆದ ಸಾಮಾನ್ಯ ಪದವೀಧರರು. ಸಲಕರಣೆ ಎಂದರೆ ಬೆಳಕು, ಕಣ್ಣು, ಕೈ. ಎರಡೂ ಕಡೆ ಸೇರಿ 1,90,000ಕ್ಕೂ ಹೆಚ್ಚು ಜನ.

ಫಲಿತಾಂಶ 2005ರಲ್ಲಿ ಹೊರಬಂತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ, ಬಾಯಿ ನೋಡಿದ ಪಂಚಾಯತುಗಳಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆ. ಎಲ್ಲರನ್ನೂ ಸೇರಿಸಿ ನೋಡಿದರೆ ಇಳಿಕೆ ಅಷ್ಟು ದೊಡ್ಡದಲ್ಲ, ಅದು ಆಕಸ್ಮಿಕವಿರಬಹುದು ಎಂಬ ಸಂಶಯಕ್ಕೂ ಜಾಗವಿತ್ತು. 15 ವರ್ಷಗಳ ಲೆಕ್ಕ ತೆಗೆದಾಗ ಬಳಸುವವರಲ್ಲಿ ಇಳಿಕೆ ಶೇಕಡಾ 24, ಒಟ್ಟಿನಲ್ಲಿ ಶೇಕಡಾ 12. ಇದರ ಅರ್ಥ ಸ್ಪಷ್ಟ. ಎಂದೂ ಎಲೆಯಡಿಕೆ, ಬೀಡಿ ಮುಟ್ಟದವರು ಗಾಬರಿಪಡಬೇಕಾಗಿಲ್ಲ. ಮುಟ್ಟುವವರ ಬಾಯಿ ನೋಡುವುದರಿಂದ ಮಾತ್ರ ಖಂಡಿತ ಜೀವ ಉಳಿಯುತ್ತದೆ.

ಆದರೆ ಈ ಸಂಶೋಧನೆಯಲ್ಲಿ ನನ್ನನ್ನು ಕಾಡುವ ಅಂಕಿ ಬೇರೆ. ಬಾಯಿ ನೋಡಿದಾಗ 5,145 ಜನರಲ್ಲಿ ಏನೋ ಇದೆ, ಡಾಕ್ಟರಿಗೆ ತೋರಿಸಿ ಎಂದು ಹೇಳಲಾಯಿತು. ಹೋದವರು 3,218. ಉಳಿದ 1,927 ಜನ ಹೋಗಲೇ ಇಲ್ಲ. ಮನೆಗೇ ಬಂದು ನೋಡಿ, ಚೀಟಿ ಬರೆದು ಕೊಟ್ಟ ಮೇಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮನೆಯಲ್ಲೇ ಉಳಿದರು. ಇದು ತಿರುವನಂತಪುರದಲ್ಲಿ, ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಇರುವ ಜಿಲ್ಲೆಯಲ್ಲಿ. ಪುತ್ತಿಗೆಯಲ್ಲಾದರೆ?

ಯಾಕೆ ಹೋಗುವುದಿಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೋವಿಲ್ಲವಲ್ಲ, ನೋಂಬು ಕಳೆಯಲಿ. ಮಗ ಗಲ್ಫಿನಿಂದ ಬಂದ ಮೇಲೆ ಕಾರಿನಲ್ಲಿ ಹೋದರಾಯಿತು. ಮಗಳ ನಿಕಾಹ್ ಮುಗಿಯಲಿ, ಈಗಲೇ ಕ್ಯಾನ್ಸರ್ ಎಂದು ಸುದ್ದಿಯಾದರೆ ಸಂಬಂಧ ತಪ್ಪಿಹೋಗುತ್ತದೆ. ಹೆಂಗಸರಿಗಾದರೆ ಜೊತೆಗೆ ಬರುವವರು ಬೇಕು, ಆಸ್ಪತ್ರೆಯಲ್ಲಿ ಅರ್ಧ ದಿನ ಕಾಯಬೇಕು, ಮನೆಯಲ್ಲಿ ಅಡುಗೆ ಯಾರು ಮಾಡುವುದು. ಇವು ಯಾವುದೂ ಸುಳ್ಳು ನೆಪಗಳಲ್ಲ, ನಿಜವಾದ ಕಷ್ಟಗಳೇ. ಆದ್ದರಿಂದಲೇ ಇವನ್ನು ಬಿಡಿಸಲು ಡಾಕ್ಟರಿಂದ ಆಗುವುದಿಲ್ಲ. ಮನೆಯವರಿಂದ, ನೆರೆಕರೆಯವರಿಂದ, ಜಮಾಅತಿನಿಂದ ಮಾತ್ರ ಸಾಧ್ಯ.

ಇದಕ್ಕೆಲ್ಲ ಮೇಲೆ ಬಯಾಪ್ಸಿಯ ಹೆದರಿಕೆ. "ತುಂಡು ತೆಗೆದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಮಾತು ನಮ್ಮಲ್ಲಿ ವೇದವಾಕ್ಯದಂತೆ ಓಡಾಡುತ್ತಿದೆ. ಬಾಯಿಯ ಬಯಾಪ್ಸಿ ಎಂದರೆ ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚೂರು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹಲ್ಲು ಕೀಳಿಸುವುದಕ್ಕಿಂತ ಕಷ್ಟದ್ದಲ್ಲ, ಅದೇ ದಿನ ಮನೆಗೆ ಬರಬಹುದು. ತುಂಡು ತೆಗೆದ ಮೇಲೆ ರೋಗಿ ಹೋದರು ಎಂದು ಹೇಳುವ ಕತೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ, ಅವರು ಆಸ್ಪತ್ರೆಗೆ ಹೋದದ್ದೇ ಕೊನೆಯ ಹಂತದಲ್ಲಿ ಎಂಬುದು.

ಬಯಾಪ್ಸಿ ಇಲ್ಲದೆ ರೋಗ ಗುರುತಿಸಲು ಸಂಶೋಧಕರು ತುಂಬ ಪ್ರಯತ್ನಿಸಿದ್ದಾರೆ. ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ನೋಡುವುದು, ವಿಶೇಷ ಬೆಳಕು ಬಿಟ್ಟು ನೋಡುವುದು, ಬ್ರಷ್ಷಿನಿಂದ ಜೀವಕೋಶ ಕೆರೆದು ತೆಗೆಯುವುದು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ತೂಗಿದ ಕೊಕ್ರೇನ್ ವಿಮರ್ಶೆ 2021ರಲ್ಲಿ ಹೇಳಿದ್ದು ಇಷ್ಟೇ: ಇವುಗಳಲ್ಲಿ ಯಾವುದೂ ಬಯಾಪ್ಸಿಯ ಜಾಗಕ್ಕೆ ಬರುವಷ್ಟು ನಂಬಿಕೆಯದ್ದಲ್ಲ. ಬೆಂಗಳೂರಿನಲ್ಲಿ ಕೆಎಲ್‌ಇ ದಂತ ಕಾಲೇಜು ಮತ್ತು ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ತಜ್ಞರು ಆರೋಗ್ಯ ಕಾರ್ಯಕರ್ತೆಯರ ಕೈಗೆ ಮೊಬೈಲ್ ಕೊಟ್ಟು, ಬಾಯಿಯ ಚಿತ್ರ ತೆಗೆಸಿ, ದೂರದಲ್ಲಿರುವ ತಜ್ಞರಿಂದ ನೋಡಿಸುವ ಪದ್ಧತಿಯನ್ನು ಪರೀಕ್ಷಿಸಿದ್ದಾರೆ. ನಮ್ಮಂಥ ಊರಿಗೆ ಇದು ತುಂಬ ಉಪಯೋಗಿ. ಆದರೆ ಅದೂ ಯಾರು ಹೋಗಬೇಕು ಎಂದು ಆರಿಸಲು ಮಾತ್ರ. ಫೋನಿನಲ್ಲಿ ಬಂದ ಉತ್ತರವೇ ಕೊನೆಯ ಉತ್ತರ ಎಂದು ತಿಳಿಯಬೇಡಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ಕಾಲೇಜಿನವರು ಕ್ಯಾಂಪ್ ಮಾಡುವುದು ಅವರ ಸಂಶೋಧನೆಗೆ, ನಮ್ಮ ಒಳ್ಳೆಯದಕ್ಕಲ್ಲ" ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹತ್ತಿರದ ಒಂದು ಮದರಸದ ಹಾಲ್‌ನಲ್ಲಿ ದಂತ ತಪಾಸಣೆ ನಡೆದಾಗ ನಾನು ಹೆಸರು ಬರೆಯುವ ಕೆಲಸಕ್ಕೆ ಕೂತಿದ್ದೆ. ಬಂದ ವಿದ್ಯಾರ್ಥಿಗಳು ಒಳ್ಳೆಯ ಮಕ್ಕಳು, ಪ್ರೀತಿಯಿಂದ ಮಾತಾಡಿಸಿದರು. ಇಂಗ್ಲಿಷ್ ಮತ್ತು ಮಲಯಾಳದಲ್ಲಿದ್ದ ಒಪ್ಪಿಗೆ ಪತ್ರಕ್ಕೆ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಕನ್ನಡ ಶಾಲೆಯಲ್ಲಿ ಕಲಿತ, ಮನೆಯಲ್ಲಿ ಬ್ಯಾರಿ ಮಾತಾಡುವ ಹಿರಿಯರಿಗೆ ಅದರಲ್ಲಿ ಏನಿದೆ ಎಂದು ತಿಳಿಯಲಿಲ್ಲ. ಬಾಯಿಯ ಫೋಟೋ ತೆಗೆದರು, ಪೇಸ್ಟು ಕೊಟ್ಟರು, ಹೋದರು. ಯಾರಲ್ಲಿ ಏನು ಕಂಡಿತು ಎಂಬ ಪಟ್ಟಿ ನಮಗೆ ಬರಲೇ ಇಲ್ಲ. ಎರಡು ಸಲ ಫೋನ್ ಮಾಡಿ ಕೇಳಿದೆ, ಉತ್ತರ ಸಿಗಲಿಲ್ಲ.

ಹಾಗೆಂದು ಬಾಗಿಲು ಹಾಕಿದರೆ ನಷ್ಟ ನಮಗೇ. ಎರ್ನಾಕುಲಂನ ಹಳ್ಳಿಯವರು 1966ರಲ್ಲಿ ಬಾಗಿಲು ಹಾಕಿದ್ದರೆ ಬಿಳಿ ಮಚ್ಚೆಯ ಅರ್ಥವೇ ಇಂದು ನಮಗೆ ಗೊತ್ತಿರುತ್ತಿರಲಿಲ್ಲ. ಸಂಶೋಧನೆಗೆ ಸೇರಬೇಕು, ಆದರೆ ಹಕ್ಕು ತಿಳಿದು ಸೇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಪತ್ರದ ವಿಷಯವನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಬೇಡ ಎನ್ನಲು, ನಡುವೆ ಬಿಟ್ಟುಬರಲು ನಮಗೆ ಸ್ವಾತಂತ್ರ್ಯವಿದೆ, ಅದರಿಂದ ಚಿಕಿತ್ಸೆ ತಪ್ಪಬಾರದು. ಆದ್ದರಿಂದ ಕ್ಯಾಂಪಿಗೆ ಜಾಗ ಕೊಡುವ ಮೊದಲು ಜಮಾಅತ್ ಕಮಿಟಿ ನಾಲ್ಕು ಪ್ರಶ್ನೆ ಕೇಳಲಿ. ಇದು ಬರೀ ತಪಾಸಣೆಯೋ, ಸಂಶೋಧನೆಯೋ? ಒಪ್ಪಿಗೆ ಪತ್ರವನ್ನು ಬ್ಯಾರಿಯಲ್ಲಿ ಓದಿ ಹೇಳುವವರು ಯಾರು? ಏನಾದರೂ ಕಂಡರೆ ಎಷ್ಟು ದಿನದಲ್ಲಿ, ಯಾರ ಮೂಲಕ ತಿಳಿಸುತ್ತೀರಿ? ಬಯಾಪ್ಸಿಯ ಖರ್ಚು ಯಾರದ್ದು? ಸರಿಯಾದ ಉತ್ತರವಿದ್ದರೆ ಹಾಲ್ ಕೊಡಿ, ಚಹಾ ತಿಂಡಿಯನ್ನೂ ಕೊಡಿ.

ಇನ್ನೊಂದು ಆಕ್ಷೇಪ ಅಡಿಕೆಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನು 1985ರಲ್ಲೇ ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅಡಿಕೆಯೊಂದನ್ನೇ ಆ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ, ಹೊಸ ಅಧ್ಯಯನ ಬೇಕು ಎನ್ನುತ್ತಿವೆ. ಅಡಿಕೆಯಿಂದಲೇ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಊರು ನಮ್ಮದು, ಅವರ ಆತಂಕ ನನಗೆ ಅರ್ಥವಾಗುತ್ತದೆ. ಅಧ್ಯಯನ ಆಗಲಿ, ಬೆಲೆಯ ವಾದವೂ ನಡೆಯಲಿ. ಆದರೆ ಬಾಯಿ ಬಿಗಿಯಾದ ಹುಡುಗನಿಗೆ ಆ ವಾದ ಮುಗಿಯುವವರೆಗೆ ಕಾಯಲು ಆಗುವುದಿಲ್ಲ. ತೋಟ ಇರುವುದು ಬೇರೆ, ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇರೆ.

ಹಿರಿಯ ಹೆಂಗಸರ ವಿಷಯದಲ್ಲಿ ಒಂದು ಮಾತು. ಐವತ್ತು ವರ್ಷ ಎಲೆಯಡಿಕೆ ತಿಂದ ಅಜ್ಜಿಗೆ "ಬಿಡಿ, ಬಿಡಿ" ಎಂದು ದಿನವೂ ಉಪದೇಶ ಮಾಡಿದರೆ ಅವರು ಬಾಯಿ ತೋರಿಸುವುದನ್ನೇ ಬಿಡುತ್ತಾರೆ. ಬಿಟ್ಟರೆ ಒಳ್ಳೆಯದು, ಅದರಲ್ಲೂ ಹೊಗೆಸೊಪ್ಪು ಮೊದಲು ಬಿಡಬೇಕು. ಆದರೆ ಬಿಡದಿದ್ದರೂ ಬಾಯಿ ನೋಡಬೇಕು. ತಿರುವನಂತಪುರದಲ್ಲಿ ಜೀವ ಉಳಿದದ್ದು ಬಳಸುವವರದ್ದೇ. ಬೈಗುಳ ಇಲ್ಲ, ಶರತ್ತು ಇಲ್ಲ, ನೋಡುವುದಷ್ಟೇ. ನೋಡುವವರು ಹೆಂಗಸರೇ ಆಗಿರಲಿ, ಜಾಗ ಮರೆಯಲ್ಲಿರಲಿ. ಆಶಾ ಕಾರ್ಯಕರ್ತೆಯರು, ಆರೋಗ್ಯ ಕೇಂದ್ರದ ನರ್ಸುಗಳು ನಮ್ಮ ಮನೆಗಳಿಗೆ ಪರಿಚಿತರೇ. 30 ವರ್ಷ ದಾಟಿದವರ ಬಾಯಿ ತಪಾಸಣೆ ದೇಶದ ಆರೋಗ್ಯ ಕಾರ್ಯಕ್ರಮದಲ್ಲೂ ಸೇರಿದೆ. ಅವರು ಬಂದಾಗ ಬಿಪಿ ನೋಡಿಸಿ ಕಳಿಸುವ ಬದಲು "ಬಾಯಿಯನ್ನೂ ನೋಡಿ" ಎಂದು ನಾವೇ ಕೇಳಬೇಕು.

ಜಮಾಅತಿನಿಂದ ಆಗಬಹುದಾದ್ದು ಏನು? ವರ್ಷಕ್ಕೊಮ್ಮೆ, ಆರೋಗ್ಯ ಕೇಂದ್ರದವರೊಂದಿಗೆ ಮಾತಾಡಿ, ಜುಮಾದ ನಂತರ ಗಂಡಸರಿಗೆ, ಬೇರೊಂದು ದಿನ ಮದರಸದಲ್ಲಿ ಹೆಂಗಸರಿಗೆ ತಪಾಸಣೆ. ಏನಾದರೂ ಕಂಡವರ ಹೆಸರು ಗುಟ್ಟಾಗಿರಲಿ, ಆದರೆ ಅವರ ಪೈಕಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಲಿ. ಎರಡು ವಾರದೊಳಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ದು, ರಿಪೋರ್ಟ್ ಕೈಗೆ ಬರುವವರೆಗೆ ಬೆನ್ನುಹತ್ತುವುದು ಅವನ ಕೆಲಸ. ಮದುವೆಗೆ, ಮನೆ ಕಟ್ಟಲು ಹಣ ಸೇರಿಸುವ ನಮ್ಮ ಹುಡುಗರಿಗೆ ಇದು ದೊಡ್ಡದಲ್ಲ. ಆ 1,927 ಜನರಿಗೆ ಇಲ್ಲದೆ ಹೋದದ್ದು ಇಂಥ ಒಬ್ಬ ಜೊತೆಗಾರ ಎಂದೇ ನಾನು ನಂಬುತ್ತೇನೆ.

ಎಲ್ಲಿಗೆ ಹೋಗುವುದು ಎಂಬುದನ್ನೂ ಮೊದಲೇ ತಿಳಿದಿರಬೇಕು. ನಮಗೆ ಆಸ್ಪತ್ರೆ ಎಂದರೆ ಮಂಗಳೂರು, ದೇರಳಕಟ್ಟೆ. ಅಲ್ಲಿ ದಂತ ಕಾಲೇಜುಗಳಿವೆ, ಬಾಯಿ ರೋಗದ ವಿಭಾಗಗಳಿವೆ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ವಾಪಸಾದವರ ನೆನಪು ನಮಗಿದೆ. ಆದ್ದರಿಂದ ತೆಂಕಣ ದಾರಿಯೂ ಗೊತ್ತಿರಲಿ. ಕಾಸರಗೋಡಿನ ಸರಕಾರಿ ಆಸ್ಪತ್ರೆ, ಪೊಯಿನಾಚಿಯ ದಂತ ಕಾಲೇಜು, ದೊಡ್ಡ ಚಿಕಿತ್ಸೆ ಬೇಕಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್.

ಭಾಷೆಯ ಕೆಲಸವೂ ಒಂದಿದೆ. ಪ್ರತಿ ವರ್ಷ ಅಕ್ಟೋಬರ್ 3ರಂದು ಬ್ಯಾರಿ ಭಾಷಾ ದಿನ ಆಚರಿಸುತ್ತೇವೆ, ಹಾಡು ಹೇಳುತ್ತೇವೆ, ಭಾಷಣ ಮಾಡುತ್ತೇವೆ. ಮುಂದಿನ ಸಲ ಅದರೊಟ್ಟಿಗೆ ಒಂದು ಹಾಳೆ ತಯಾರಾಗಲಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಉರಿ, ಬಿಗಿ, ಬಯಾಪ್ಸಿ, ಒಪ್ಪಿಗೆ, ಇವನ್ನು ನಮ್ಮ ಅಜ್ಜಿಗೆ ಅರ್ಥವಾಗುವ ಬ್ಯಾರಿಯಲ್ಲಿ, ಕನ್ನಡ ಲಿಪಿಯಲ್ಲಿ ಬರೆದ ಹಾಳೆ. ಇದನ್ನು ಓದುತ್ತಿರುವ ಡಾಕ್ಟರುಗಳು, ದಂತ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಕ್ಕಳು ಸೇರಿದರೆ ಒಂದೇ ಸಂಜೆಯ ಕೆಲಸ.

ಅಷ್ಟರವರೆಗೆ ಮನೆಯಲ್ಲೇ ಮಾಡಬಹುದಾದ್ದು ಇದೆ. ದಿನಕ್ಕೆ ಐದು ಬಾರಿ ವುಳೂ ಮಾಡುವಾಗ ಬಾಯಿ ಮುಕ್ಕಳಿಸುವವರು ನಾವು. ತಿಂಗಳಿಗೊಮ್ಮೆ ಆ ಹೊತ್ತಿನಲ್ಲಿ ಕನ್ನಡಿಯ ಮುಂದೆ ನಿಂತು ಮೊಬೈಲಿನ ಟಾರ್ಚ್ ಹಾಕಿ. ಕಟ್ಟಿಸಿದ ಹಲ್ಲಿದ್ದರೆ ತೆಗೆದಿಡಿ. ಎರಡೂ ಕೆನ್ನೆಯ ಒಳಗೆ, ತುಟಿಯ ಹಿಂದೆ, ವಸಡು, ಅಂಗುಳ, ನಾಲಿಗೆಯ ಎರಡೂ ಬದಿ, ನಾಲಿಗೆ ಎತ್ತಿ ಕೆಳಗೆ ನೋಡಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗುತ್ತವೆಯೇ ಪರೀಕ್ಷಿಸಿ. ಹೋಗದಿದ್ದರೆ, ಅಥವಾ ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಮುಲಾಮು ಹಚ್ಚುತ್ತ ಕೂರಬೇಡಿ. ಮಗ ಗಲ್ಫಿನಿಂದ ಬರುವವರೆಗೂ ಕಾಯಬೇಡಿ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಡಿ, ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ.